ಮೂರು ಬೆರಳಿನ 'ಆ'

ಹೋದ ತಿಂಗಳು ಮೀಟಿಂಗಿಗೆಂದು ಹುಣಸೂರಿಗೆ ಹೊರಟಿದ್ದೆ. ಬಸ್ಸಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕಿತ್ತು. ಗಾವಡಗೆರೆಯಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸಣ್ಣ ಚೀಲದಿಂದ ಹೊಗೆಸೊಪ್ಪಿನ ಕಡ್ಡಿಪುಡಿಯ ಪೊಟ್ಟಣ ತೆಗೆದಳು. ಅಂಗೈಗೆ ಸುರಿದುಕೊಂಡು, ಸುಣ್ಣ ಹಾಕಿ, ಹೆಬ್ಬೆರಳಲ್ಲಿ ತಿಕ್ಕಿ ದವಡೆಯ ಸಂದಿಗೆ ಒತ್ತಿಕೊಂಡಳು. ಹಿಂದೆಯೇ ಒಂದು ಲವಂಗ. ಕಡ್ಡಿಪುಡಿ, ಸುಣ್ಣ, ಲವಂಗ... ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದ್ದು ಹಿಂದಕ್ಕೆ ಹೋಗಿ ಕಂಬಿ ಹಿಡಿದು ನಿಂತೆ. ಸಿಕ್ಕಿದ ಸೀಟು ಬಿಟ್ಟು ನಿಂತವಳನ್ನು ಕಂಡಕ್ಟರ್ ಒಂಥರಾ ನೋಡಿದ. ನೋಡಿಕೊಳ್ಳಲಿ. ಹುಣಸೂರು ಬರುವವರೆಗೂ ನನಗೆ ನಮ್ಮ ಟೀಚರಮ್ಮನದೇ ನೆನಪು.

ಟೀಚರಮ್ಮ ಅಂದರೆ ನಮ್ಮೂರ ಅಂಗನವಾಡಿಯ ಟೀಚರು. ಈಗ ಆ ಕುರ್ಚಿಯಲ್ಲಿ ನಾನು ಕೂತಿದ್ದೇನೆ, ಮಕ್ಕಳು ನನ್ನನ್ನು ಮಿಸ್ ಅನ್ನುತ್ತವೆ. ಆದರೆ ಊರಲ್ಲಿ ಟೀಚರಮ್ಮ ಅಂದರೆ ಇವತ್ತಿಗೂ ಅವರೇ. ಆಗ ನಾನು ಅವರ ಕೈಕೆಳಗೆ ಸಹಾಯಕಿ. ಕಸ ಗುಡಿಸುವುದು, ಅನ್ನ ಸಾರು ಬೇಯಿಸುವುದು, ಬೆಳಿಗ್ಗೆ ಮನೆಮನೆಗೆ ಹೋಗಿ ಅಳುವ ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು ಬರುವುದು, ಚಡ್ಡಿ ಒದ್ದೆ ಮಾಡಿಕೊಂಡವನ್ನು ತೊಳೆಯುವುದು, ಇಷ್ಟೇ ನನ್ನ ಕೆಲಸ. ಪಿಯುಸಿ ಅರ್ಧಕ್ಕೆ ಬಿಡಿಸಿ ಮದುವೆ ಮಾಡಿದ್ದರು. ಓದಿದವಳು ಅನ್ನುವ ಜಂಬ ಮಾತ್ರ ಪೂರ್ತಿ ಉಳಿದಿತ್ತು, ತೋರಿಸಿಕೊಳ್ಳುವುದಕ್ಕೆ ಜಾಗ ಇರಲಿಲ್ಲ. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಅವಳೂ ಅದೇ ಅಂಗನವಾಡಿಯಲ್ಲಿ ಕೂರುತ್ತಿದ್ದಳು.

ಟೀಚರಮ್ಮ ಬೆಟ್ಟದಪುರದ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವರು. ವಯಸ್ಸು ಐವತ್ತರ ಹತ್ತಿರ. ಯಜಮಾನರು ಹೊಗೆಸೊಪ್ಪು ಬೆಳೆಯುತ್ತಿದ್ದರು, ಊರಾಚೆ ಸೊಪ್ಪು ಹದ ಮಾಡುವ ಬ್ಯಾರನ್ ಇತ್ತು. ಒಬ್ಬಳೇ ಮಗಳನ್ನು ಸರಗೂರಿಗೆ ಕೊಟ್ಟಿದ್ದರು. ಟೀಚರಮ್ಮನಿಗೆ ಸಿಟ್ಟು ಬಂದರೆ ಊರ ಯಜಮಾನನಾದರೂ ಸರಿ, ಮುಖಕ್ಕೇ ಹೇಳಿಬಿಡುವವರು. ಸೊಪ್ಪು ಕಟ್ಟುವ ಕಾಲದಲ್ಲಿ ಕೆಲವರು ಪುಟ್ಟ ಮಕ್ಕಳನ್ನೂ ಚಪ್ಪರದಲ್ಲಿ ಕೂರಿಸಿಕೊಂಡು ಕೈಗೆ ಎಲೆ ಕೊಡುತ್ತಿದ್ದರು. ಅಂಥಲ್ಲಿಗೆ ಇವರೇ ಹೋಗಿ ನಿಂತು, "ಕೂಸ್ನ ನಂಗ್ ಕೊಡಿ, ಸೊಪ್ನ ನೀವೇ ಮಡಿಕ್ಕಳಿ" ಅಂದು ಮಗುವನ್ನು ಎತ್ತಿಕೊಂಡು ಬರುತ್ತಿದ್ದರು. ಹಿಂದಿನಿಂದ ಬೈಗುಳ ಬಂದರೂ ತಿರುಗಿ ನೋಡುತ್ತಿರಲಿಲ್ಲ.

ಅವರು ಕಲಿಸುವ ರೀತಿಯೇ ಬೇರೆ. ಮೈಸೂರಿನಲ್ಲಿ ಯಾವುದೋ ತರಬೇತಿಗೆ ಹೋಗಿ ಬಂದ ಮೇಲೆ ಗೋಡೆಯ ಮೇಲಿದ್ದ ಅಕ್ಷರದ ಪಟವನ್ನು ತಿರುಗಿಸಿ ಹಾಕಿಬಿಟ್ಟರು. ಮಗು ಆನೆಯ ಚಿತ್ರ ನೋಡಿ 'ಆ' ಅನ್ನುತ್ತದೆಯೇ ಹೊರತು ಅಕ್ಷರ ನೋಡಿ ಅಲ್ಲ, ಚಿತ್ರ ಮುಚ್ಚಿದರೆ ಬಾಯಿಯೂ ಮುಚ್ಚುತ್ತದೆ ಅನ್ನುವುದು ಅವರ ವಾದ. ವಾರಕ್ಕೆ ಒಂದೇ ಸದ್ದು. ಸೋಮವಾರದಿಂದ ಶುಕ್ರವಾರದವರೆಗೆ ಬರೀ ಸದ್ದು. ಶನಿವಾರ ಅದರ ಗುರುತು. "ಮೊದ್ಲು ಕಿವಿ, ಆಮ್ಯಾಕೆ ಬಾಯಿ, ಕೊನೇಗೆ ಕೈ ಕಣಮ್ಮಿ" ಅನ್ನುತ್ತಿದ್ದರು ನನಗೆ. ಶನಿವಾರ ಅನ್ನದ ತಟ್ಟೆಯಲ್ಲಿ ರಾಗಿ ಹರಡಿ ಅದರ ಮೇಲೆ ಬೆರಳಲ್ಲಿ ಬರೆಸುತ್ತಿದ್ದರು. ಆಮೇಲೆ ಆ ರಾಗಿಯನ್ನು ಕೇರಿ ಡಬ್ಬಕ್ಕೆ ತುಂಬುವ ಕೆಲಸ ನನ್ನದು, ಗೊಣಗಿಕೊಂಡು ಮಾಡುತ್ತಿದ್ದೆ.

ವರ್ಷದ ಮೊದಲ ವಾರ ಯಾವಾಗಲೂ 'ಆ'. ಜೂನ್ ತಿಂಗಳು, ಹೊಸ ಮಕ್ಕಳೆಲ್ಲ ಅವ್ವನ ಸೆರಗು ಬಿಟ್ಟು ಬಂದು ಬೊಬ್ಬೆ ಹೊಡೆಯುವ ಕಾಲ. ನಾನು ತಲೆ ಚಚ್ಚಿಕೊಂಡರೆ ಅವರು ನಗುತ್ತಿದ್ದರು. "ನೋಡಮ್ಮಿ, ಅರ್ಧ ಪಾಟ ಅವೇ ಕಲ್ತ್ಕಂಡ್ ಬಂದವೆ" ಅನ್ನುತ್ತಿದ್ದರು. ಸೋಮವಾರ ಆಕಳಿಸುವ ಆಟ. ಟೀಚರಮ್ಮ ಬಾಯಿ ಅಗಲಿಸಿ ಆಕಳಿಸಿದರೆ ಒಂದಾದ ಮೇಲೆ ಒಂದು ಎಲ್ಲ ಮಕ್ಕಳೂ ಆಕಳಿಸುತ್ತಿದ್ದವು, ಕೊನೆಗೆ ಅಡುಗೆಮನೆಯಲ್ಲಿ ನಾನೂ. ಮಂಗಳವಾರ ಸಂತೆಯಿಂದ ತಂದ ಪುಟ್ಟ ಕನ್ನಡಿಗಳು. ಕನ್ನಡಿಯಲ್ಲಿ ತಮ್ಮ ಬಾಯಿ ತಾವೇ ನೋಡಿಕೊಂಡು 'ಆ' ಅನ್ನಬೇಕು. ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ನಿಲ್ಲಿಸಬೇಕು. ನಿಂತರೆ ಅದು ಸರಿಯಾದ 'ಆ', ಇಲ್ಲದಿದ್ದರೆ ಕಳ್ಳ 'ಆ'. ಬುಧವಾರ ಯಾರ ಹೆಸರಿನಲ್ಲಿ, ಯಾವ ಮಾತಿನಲ್ಲಿ ಆ ಸದ್ದು ಅಡಗಿದೆ ಅಂತ ಹುಡುಕುವುದು. ಆಡು, ಆಲೂಗೆಡ್ಡೆ, ಆಟೋ... ಒಮ್ಮೆ ಒಂದು ಕೂಸು ಎದ್ದು ನಿಂತು 'ಆರ್ಲಿಕ್ಸು' ಅಂದಿತ್ತು. ನಮ್ಮೂರಲ್ಲಿ ಹಕಾರ ಯಾರ ಬಾಯಲ್ಲಿ ನಿಂತಿದೆ ಹೇಳಿ. ಟೀಚರಮ್ಮ ಅದಕ್ಕೂ ಚಪ್ಪಾಳೆ ಹೊಡೆಸಿದರು.

ಎಲ್ಲಕ್ಕಿಂತ ನನಗೆ ನೆನಪಿರುವುದು ಗುರುವಾರದ ಬೆಲ್ಲ. ಮಕ್ಕಳನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರ ಮುಂದೆ ಮಂಡಿಯೂರಿ ಕೂತು, "ಆ ಅನ್ನು ಕಂದಾ" ಅಂದು ತಾವೇ ಬಾಯಿ ತೆರೆದು ತೋರಿಸಿ, ಮಗು ಬಾಯಿ ತೆರೆದ ಕೂಡಲೇ ಒಂದು ಚೂರು ಬೆಲ್ಲ ನಾಲಿಗೆ ಮೇಲಿಡುತ್ತಿದ್ದರು. ತುತ್ತು ತಿನ್ನಿಸುವಾಗ ಎಲ್ಲ ಅವ್ವಂದಿರೂ ಮಾಡುವುದು ಅದನ್ನೇ. ಅದನ್ನೇ ಪಾಠ ಮಾಡಿದ್ದರು ಅವರು. ಎಷ್ಟೋ ಮಕ್ಕಳು ಬೆಲ್ಲದ ಆಸೆಗೆ ಸಾಲಿನ ಕೊನೆಗೆ ಓಡಿ ಮತ್ತೊಮ್ಮೆ ಕೂರುತ್ತಿದ್ದವು. ಕಂಡರೂ ಕಾಣದ ಹಾಗೆ ಇನ್ನೊಂದು ಚೂರು ಕೊಡುತ್ತಿದ್ದರು.

ಇಂಥ ಹೆಂಗಸಿಗೆ ಒಂದು ಚಟ ಇತ್ತು. ಕಡ್ಡಿಪುಡಿ. ಹಲ್ಲುನೋವಿನಿಂದ ಶುರುವಾಯಿತು ಅನ್ನುತ್ತಿದ್ದರು. ನಮ್ಮ ಕಡೆ ಹಲ್ಲು ನೋವಿಗೆ ಡಾಕ್ಟರಿಗಿಂತ ಮೊದಲು ಬರುವುದು ಕಡ್ಡಿಪುಡಿಯೇ. ಸುತ್ತ ಹತ್ತೂರು ಹೊಗೆಸೊಪ್ಪು ಬೆಳೆದು ಅನ್ನ ಉಣ್ಣುವಾಗ ಅದು ಕೆಟ್ಟದ್ದು ಅಂತ ಯಾರು ಯಾರಿಗೆ ಹೇಳಬೇಕು? ಹೊಲದ ಸೊಪ್ಪು ಸಿಗರೇಟಿಗೆ ಹೋಗುತ್ತದೆ, ಬಾಯಿಗೆ ಹಾಕುವುದು ಅಂಗಡಿಯ ಪೊಟ್ಟಣ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ನಾವೆಲ್ಲ ಇದ್ದೆವು. ಯಜಮಾನರು ಒಬ್ಬರೇ ಅದನ್ನು ಸಹಿಸುತ್ತಿರಲಿಲ್ಲ. ಬೆಟ್ಟದಪುರದ ಬೆಟ್ಟದ ಮೇಲೆ ದೇವರ ಮುಂದೆ ಕರ್ಪೂರ ಹಚ್ಚಿಸಿ, ಇನ್ನು ಮುಟ್ಟುವುದಿಲ್ಲ ಅಂತ ಹೆಂಡತಿಯಿಂದ ಆಣೆ ಮಾಡಿಸಿದ್ದರು. ಆಣೆ ಮಾಡಿ ಕೆಳಗಿಳಿದು ಬಂದ ಟೀಚರಮ್ಮ ಒಂದು ತಿಂಗಳು ತಡೆದರು. ಆಮೇಲೆ ತಡೆಯಲಾಗಲಿಲ್ಲ.

ಅವರು ಅಂಗಡಿಗೆ ಹೋಗಿ ಕೊಳ್ಳುವ ಹಾಗಿರಲಿಲ್ಲ. ಕೊಂಡು ತರುತ್ತಿದ್ದವಳು ನಾನು. ಬಸ್ಟ್ಯಾಂಡಿನ ಅಂಗಡಿಯವನು ನಮ್ಮತ್ತೆಗೆ ಅಂದುಕೊಂಡು ಕೊಡುತ್ತಿದ್ದ, ನಾನೂ ಹೌದೆನ್ನುತ್ತಿದ್ದೆ. ಸೀಮೆಸುಣ್ಣದ ಡಬ್ಬಿಯ ತಳದಲ್ಲಿ ಪೊಟ್ಟಣ, ಮೇಲೆ ಸೀಮೆಸುಣ್ಣ. ವಾಸನೆ ಮುಚ್ಚುವುದಕ್ಕೆ ಲವಂಗ. ಮಕ್ಕಳು ಮಲಗಿದ ಮೇಲೆ ಅಡುಗೆಮನೆಗೆ ಬಂದು, ನನ್ನ ಕಡೆ ಬೆನ್ನು ಮಾಡಿ ಹಾಕಿಕೊಳ್ಳುತ್ತಿದ್ದರು. ದೊಡ್ಡವರ ಗುಟ್ಟು ನನ್ನ ಕೈಯಲ್ಲಿದೆ ಅನ್ನುವುದೇ ನನಗೊಂದು ಹೆಮ್ಮೆ. ಬೆಂಕಿ ಬೀಳಲಿ ಆ ಹೆಮ್ಮೆಗೆ.

ನನ್ನ ಮಗಳಿಗೆ ನಾಲ್ಕು ತುಂಬಿದ ವರ್ಷದ ಜೂನ್‌ನಲ್ಲೂ 'ಆ' ವಾರ ಬಂತು. ಆಕಳಿಸುವ ಆಟ ಆಡಲಿಲ್ಲ ಅವರು, ನೆಗಡಿ ಅಂದರು. ಕನ್ನಡಿ ಕೊಟ್ಟರು, ಬೆಲ್ಲ ಕೊಟ್ಟರು, ನಾನು ಒಲೆಯ ಮುಂದೆ ಇದ್ದುದರಿಂದ ಏನೂ ಗಮನಿಸಲಿಲ್ಲ. ವಾರ ಕಳೆದ ಮೇಲೆ ಒಬ್ಬಳು ತಾಯಿ ಮಗುವನ್ನು ಬಿಡಲು ಬಂದವಳು ಬಾಗಿಲಲ್ಲೇ ನಿಂತು ನಕ್ಕಳು.

"ಏನ್ ಟೀಚರಮ್ಮ, ನಿಮ್ ಇಸ್ಕೂಲ್ಗೆ ಬಂದ್ಮ್ಯಾಲೆ ನಮ್ ಕೂಸು ಬಾಯ್ಗೆ ಕೈ ಅಡ್ಡ ಇಟ್ಕಂಡು ಆ ಅಂತದೆ ಕಣ್ರೀ. ಒಸ ಎಣ್ಣು ನಾಚ್ಕಂಡಂಗೆ!"

ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಟೀಚರಮ್ಮ ಸೆರಗಿನ ತುದಿ ಬಾಯಿಗೆ ಹಿಡಿದು ಹಾಜರಿ ಪುಸ್ತಕ ತೆರೆದರು.

ಅವತ್ತು ಸಂಜೆ ಮನೆಯಲ್ಲಿ ಮಗಳಿಗೆ ಮುದ್ದೆ ತಿನ್ನಿಸುತ್ತಿದ್ದೆ. 'ಆ ಅನ್ನು' ಅಂದರೆ ಹಲ್ಲು ಕಚ್ಚಿಕೊಂಡು, ತುಟಿ ಮಾತ್ರ ಒಂದಿಷ್ಟು ಬಿಡಿಸಿ, ಅಂಗೈ ಅಡ್ಡ ಹಿಡಿದು 'ಆ' ಅಂದಳು. ತುತ್ತು ಒಳಗೆ ಹೋಗುವ ಹಾಗಿಲ್ಲ. ಬಾಯಿ ಬಿಡೇ ಅಂದೆ, ಮತ್ತೆ ಹಾಗೆಯೇ. ಆಟ ಕಟ್ಟುತ್ತಿದ್ದಾಳೆ ಅಂದುಕೊಂಡು ಬೆನ್ನಿಗೆ ಒಂದು ಬಿಟ್ಟೆ. ಅಳುತ್ತಲೇ ಅವಳು, "ಟೀಚರು ಇಂಗೇ ಅಲ್ವಾ ಯೋಳ್ಕೊಟ್ಟಿದ್ದು" ಅಂದಳು. ಅಳುವಾಗ ಮಾತ್ರ ಬಾಯಿ ಅಗಲವಾಗಿ ತೆರೆದಿತ್ತು. ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು... ಮಕ್ಕಳು ನಾವು ಹೇಳಿದ್ದನ್ನು ಕಲಿಯುವುದಿಲ್ಲ, ನಾವು ಮಾಡಿದ್ದನ್ನು ಕಲಿಯುತ್ತವೆ. ಇಪ್ಪತ್ತೆರಡು ಮಕ್ಕಳೂ ಅವರ ಬಾಯಿ ನೋಡಿ ಇದ್ದದ್ದು ಇದ್ದ ಹಾಗೆ ಕಲಿತಿದ್ದವು.

ಮಾರನೆಯ ದಿನ ಮಕ್ಕಳು ಉಂಡು ಮಲಗಿದ ಮೇಲೆ ಒಂದು ಕನ್ನಡಿ ಹಿಡಿದು ಅವರ ಮುಂದೆ ಕೂತೆ. "ಟೀಚರಮ್ಮ, ಮೂರು ಬೆರಳು ಇಡಿ ನೋಡಣ" ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ತೋರುಬೆರಳೊಂದನ್ನು ಹಲ್ಲಿನ ನಡುವೆ ಇಟ್ಟರು. ಎರಡನೆಯದು ಹೋಗಲಿಲ್ಲ. ಬೆಳಕಿನ ಕಡೆ ತಿರುಗಿಸಿ ತುಟಿ ಸರಿಸಿ ನೋಡಿದೆ. ಕೆನ್ನೆಯ ಒಳಗೆಲ್ಲ ಒಡೆದ ಹಾಲಿನ ಹಾಗೆ ಬೆಳ್ಳಗೆ, ಅದರ ನಡುವೆ ಕಾಳಿನಷ್ಟು ಅಗಲದ ಕೆಂಪು ಹುಣ್ಣು. ಅಯ್ಯೋ ಶಿವನೇ ಅಂದೆ. ಎಷ್ಟು ದಿನದಿಂದ ಅಂತ ಕೇಳಿದ್ದಕ್ಕೆ ಸಂಕ್ರಾಂತಿಯಿಂದ ಅಂದರು. ನಾನು ಎದ್ದು ನಿಂತೆ. ಈಗಲೇ ಯಜಮಾನರಿಗೆ ಹೇಳುತ್ತೇನೆ, ಇವತ್ತೇ ಮೈಸೂರಿಗೆ ಹೋಗಬೇಕು ಅಂದೆ.

ಆಗ ಅವರು ನನ್ನ ಕೈ ಹಿಡಿದುಕೊಂಡರು. ಚಾಪೆಯ ಮೇಲೆ ನನ್ನ ಮಗಳು ಮಲಗಿದ್ದಳು. ಎಳೆದುಕೊಂಡು ಹೋಗಿ ನನ್ನ ಕೈಯನ್ನು ಅವಳ ತಲೆಯ ಮೇಲೆ ಇಡಿಸಿದರು.

"ನಿನ್ ಮಗಳ ಮ್ಯಾಲಾಣೆ, ಯಾರ್ಗೂ ಯೋಳಕಿಲ್ಲ ಅನ್ನು. ಬೆಟ್ಟದ್ ಮ್ಯಾಲೆ ಕರ್ಪೂರ ಅಚ್ಚಿ, ಬುಟ್ಟೆ ಅಂದಿದ್ದೀನಿ ಕಣಮ್ಮಿ. ಗೊತ್ತಾದ್ರೆ ಅವ್ರು ಸಾಯಗಂಟ ನನ್ ಮೊಕ ನೋಡಾಕಿಲ್ಲ. ಸೊಪ್ಪಿನ ಸೀಸನ್ ಮುಗೀಲಿ, ನಾನೇ ಓಗಿ ತೋರ್ಸ್ಕತೀನಿ."

ಆಣೆ ಬೇಡ ಟೀಚರಮ್ಮ ಅಂದೆ. ಅವರು ಅಳುತ್ತಿದ್ದರು. ಅಷ್ಟು ಗಟ್ಟಿಯ ಹೆಂಗಸು ನನ್ನ ಮುಂದೆ ಅತ್ತದ್ದು ಅದೇ ಮೊದಲು. ಮಗಳ ತಲೆ ಬೆವರಿ ಬೆಚ್ಚಗಿತ್ತು. ಹೇಳುವುದಿಲ್ಲ ಅಂತ ಆಣೆ ಮಾಡಿದೆ. ನಮ್ಮಲ್ಲಿ ಹೆತ್ತ ಮಗುವಿನ ತಲೆ ಮುಟ್ಟಿ ಆಡಿದ ಮಾತು ಅಂದರೆ ಅದು ಮುಗಿಯಿತು. ಮುರಿದವರ ಮನೆಯಲ್ಲಿ ಏನೇನಾಯಿತು ಅನ್ನುವ ಕತೆಗಳನ್ನು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವಳು ನಾನು.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ನನ್ನ ಮೇಲೆಯೇ ಅಸಹ್ಯ. ಟೀಚರಮ್ಮ ಒಂದು ದಾರಿ ಹುಡುಕಿದರು. ಇನ್ನು ಮೇಲೆ ಸದ್ದು ಹೇಳಿಕೊಡುವುದು ನಾನು, ಪಕ್ಕದಲ್ಲಿ ಕೂತು ಬರೆಸುವುದು ಅವರು. ಮೊದಲು 'ಆ' ವಾರವನ್ನೇ ಮತ್ತೊಮ್ಮೆ ಮಾಡಿಸಿದೆವು. ನಾನು ಬಾಯಿ ಅಗಲಿಸಿ ಆಕಳಿಸಿದೆ, ಮಕ್ಕಳು ಆಕಳಿಸಿದವು. ಮೂರು ಬೆರಳು ನಿಲ್ಲಿಸಿ ತೋರಿಸಿದೆ. ಒಂದೊಂದೇ ಮಗು ಬಾಯಿಯಿಂದ ಅಂಗೈ ತೆಗೆದು, ಹಲ್ಲು ಬಿಡಿಸಿ ಸರಿಯಾದ 'ಆ' ಅಂದಾಗ ನನಗೆ ಆದ ಖುಷಿಯನ್ನು ಏನಂತ ಹೇಳಲಿ. ಒಂದು ಕೂಸು ನನ್ನನ್ನು 'ಮಿಸ್' ಅಂದಿತು. ಅನ್ನದ ಸೌಟು ಹಿಡಿದವಳನ್ನು ಮಿಸ್ ಅಂದಿತು! ಅವತ್ತು ಮನೆಗೆ ನಡೆದು ಹೋಗುವಾಗ ಕಾಲು ನೆಲದ ಮೇಲಿರಲಿಲ್ಲ.

ಪ, ಮ, ಲ, ಸ... ವಾರಕ್ಕೊಂದು ನನ್ನ ಬಾಯಿಂದಲೇ ಹೋಯಿತು. ಹಿಂದಿನ ಸಂಜೆ ಟೀಚರಮ್ಮ ನನಗೆ ಹೇಳಿಕೊಡುತ್ತಿದ್ದರು. ಪ ಅನ್ನುವಾಗ ತುಟಿಯ ಮುಂದೆ ಕಾಗದದ ಚೂರು ಹಿಡಿ, ಹಾರಬೇಕು. ಮ ಅನ್ನುವಾಗ ಮಗುವಿನ ಕೈಯನ್ನು ನಿನ್ನ ಮೂಗಿನ ಮೇಲೆ ಇಡಿಸು, ನಡುಗುವುದು ಗೊತ್ತಾಗಬೇಕು. ಅವರ ಮಾತು ತೊದಲುತ್ತಿತ್ತು, ನನಗೆ ಮಾತ್ರ ಅರ್ಥವಾಗುತ್ತಿತ್ತು. ಸೂಪರ್‌ವೈಸರ್ ಮೇಡಂ ಬಂದಾಗ ನನ್ನ ಪಾಠ ನೋಡಿ, ಸಹಾಯಕಿಯನ್ನು ಇಷ್ಟು ತಯಾರು ಮಾಡಿದ್ದೀರಲ್ಲ ಅಂತ ಟೀಚರಮ್ಮನನ್ನು ಹೊಗಳಿದರು. ಅವರು ಬಾಯಿ ಮುಚ್ಚಿಯೇ ನಕ್ಕು ಕೈ ಮುಗಿದರು. ಹೀಗೆ ನಾನು ಅವರ ಬಾಯಾದೆ. ನಾನು ಬಾಯಾದದ್ದರಿಂದಲೇ ಅವರ ಬಾಯಿಗೆ ಏನಾಗಿದೆ ಅಂತ ಊರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನ ನಾನು ಮಾಡಿದ ಅನ್ನವನ್ನು ಗಂಜಿಯ ಹಾಗೆ ಕಿವುಚಿಕೊಂಡು ಕುಡಿಯುತ್ತಿದ್ದರು. ಮನೆಯಲ್ಲಿ ವಸಡು ನೋವು ಅಂತಲೋ ಒಪ್ಪತ್ತು ಅಂತಲೋ ಹೇಳಿ ಮುದ್ದೆ ತಪ್ಪಿಸುತ್ತಿದ್ದರಂತೆ. ಕಡ್ಡಿಪುಡಿ ತಂದುಕೊಡುವುದಿಲ್ಲ ಅಂತ ಜಗಳ ತೆಗೆದೆ. ಅದು ಹಾಕಿದರೇ ನೋವು ಕಡಿಮೆ ಅಂದರು. ಬೈದುಕೊಂಡು ತಂದುಕೊಟ್ಟೆ. ಬೈದುಕೊಂಡು ಕೊಟ್ಟರೂ ಕೊಟ್ಟದ್ದು ಕೊಟ್ಟದ್ದೇ.

ಗಣೇಶನ ಹಬ್ಬ ಕಳೆದ ಮೇಲೆ ಅವರ ಕಿವಿಯ ಕೆಳಗೆ ಒಂದು ಗಂಟು ಕಾಣಿಸಿತು. ಅದನ್ನು ಕಂಡ ದಿನ ನನ್ನಿಂದ ತಡೆಯಲಾಗಲಿಲ್ಲ. ಆಣೆ ಮನೆ ಹಾಳಾಗಲಿ ಅಂದುಕೊಂಡು ಮಧ್ಯಾಹ್ನ ನೇರ ಅವರ ಬ್ಯಾರನ್ ಹತ್ತಿರ ಹೋದೆ. ಯಜಮಾನರು ಒಲೆಯ ಬಾಯಿಗೆ ಸೌದೆ ತುರುಕುತ್ತಿದ್ದರು. ನನ್ನನ್ನು ನೋಡಿ ಬೆವರು ಒರೆಸಿಕೊಂಡು, "ಏನವ್ವ ಇಷ್ಟು ದೂರ ಬಂದೆ?" ಅಂದರು. ಹೇಳುವುದಕ್ಕೆ ಬಾಯಿ ತೆಗೆದೆ. ಅಷ್ಟರಲ್ಲಿ ರಸ್ತೆಯ ಕಡೆಯಿಂದ ನಮ್ಮತ್ತೆ ಕೂಗಿಕೊಂಡು ಬಂದರು. "ಬ್ಯಾಗ ಬಾರೇ, ಕೂಸ್ಗ್ ಮೈ ಕೆಂಡ ಆದಂಗ್ ಆಯ್ತಾ ಅದೆ!"

ಇನ್ನೂ ಒಂದು ಮಾತು ಆಡಿರಲಿಲ್ಲ ನಾನು, ಆಡುವುದಕ್ಕೆ ಹೊರಟಿದ್ದೆ ಅಷ್ಟೇ. ಟೀಚರಮ್ಮ ಬೀಗದ ಕೈ ಕೇಳಿದರು ಅಂತ ಏನೋ ಬಾಯಿಗೆ ಬಂದದ್ದು ಒದರಿ ಓಡಿದೆ. ಮಗಳು ಕಣ್ಣು ಬಿಡುತ್ತಿರಲಿಲ್ಲ. ತಲೆಗೆ ಒದ್ದೆ ಬಟ್ಟೆ ಹಾಕುತ್ತ, ಇಲ್ಲ ದೇವರೇ, ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಅಂತ ಗೋಗರೆದೆ. ಮೂರನೆಯ ದಿನಕ್ಕೆ ಜ್ವರ ಇಳಿಯಿತು.

ಆ ವಾರ ಅಂಗನವಾಡಿಯ ಅರ್ಧ ಮಕ್ಕಳಿಗೆ ಜ್ವರ ಇತ್ತು. ಹಾಜರಿ ಕರೆಯುತ್ತಿದ್ದವಳು ನಾನೇ. ಆದರೂ ನನ್ನ ಮಗಳ ಜ್ವರ ಮಾತ್ರ ಆಣೆಯ ಜ್ವರ. ಗಂಜಿ ಕಿವುಚುವ ಟೀಚರಮ್ಮನನ್ನು ನೋಡಿದಾಗಲೆಲ್ಲ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಗುತ್ತಿತ್ತು, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ.

ಸೀಸನ್ ಮುಗಿಯುವ ಹೊತ್ತಿಗೆ ಗಂಟು ನಿಂಬೆಹಣ್ಣಿನಷ್ಟಾಗಿತ್ತು, ಸೆರಗಿನಲ್ಲಿ ಮುಚ್ಚುವುದಕ್ಕಾಗಲಿಲ್ಲ. ಯಜಮಾನರೇ ಕಂಡು, ಹುಣಸೂರಿಗೆ ಕರೆದುಕೊಂಡು ಹೋಗಿ, ಅಲ್ಲಿಂದ ಮೈಸೂರಿನ ಆಸ್ಪತ್ರೆಗೆ ಹೋದರು. ಜೊತೆಗೆ ನಾನೂ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಟಾರ್ಚ್ ಹಿಡಿದು ಮೆತ್ತಗೆ, "ಆ ಅನ್ನಿ ಅಮ್ಮ" ಅಂದರು. ಟೀಚರಮ್ಮ ಪ್ರಯತ್ನಪಟ್ಟರು. ಕೊರಳಿನ ನರಗಳು ಎದ್ದು ನಿಂತವು, ಕಣ್ಣಲ್ಲಿ ನೀರು ಬಂತು, ಹಲ್ಲು ಮಾತ್ರ ಬಿಡಲಿಲ್ಲ. "ಇನ್ನೂ ಸ್ವಲ್ಪ, ಆ..." ಅಂದರು ಡಾಕ್ಟರು. ನಮ್ಮೂರ ಮಕ್ಕಳಿಗೆಲ್ಲ ಆ ಸದ್ದು ಕಲಿಸಿದವರು ಅವರು. ನೋಡಲಾರದೆ ನಾನು ಹೊರಗೆ ಬಂದು ಗೋಡೆಗೆ ಒರಗಿದೆ. ಆರು ತಿಂಗಳು ಮುಂಚೆ ಬಂದಿದ್ದರೆ ಬೇರೆ ಮಾತು ಅಂದರಂತೆ ಡಾಕ್ಟರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಯಿತು ನಮ್ಮ ಮೈಸೂರು ಪ್ರಯಾಣ.

ಆಪರೇಷನ್ ಮಾಡಿ ಒಂದು ಕಡೆಯ ದವಡೆ, ನಾಲಿಗೆಯ ಅರ್ಧ ತೆಗೆದರು. ನಾನು ನೋಡಲು ಹೋದಾಗ ಮೂಗಿನಿಂದ ನಳಿಕೆ ಹಾಕಿದ್ದರು. ಡಬ್ಬಿಯಲ್ಲಿ ಗಂಜಿ ತುಂಬಿಕೊಂಡು ಹೋಗಿದ್ದೆ, ದಡ್ಡಿ ನಾನು. ಯಜಮಾನರು ಔಷಧಿ ತರಲು ಹೋಗಿದ್ದರು. ಟೀಚರಮ್ಮನ ಎದೆಯ ಮೇಲೆ ಒಂದು ಸ್ಲೇಟು ಇತ್ತು, ಮಾತಿಗೆ ಬದಲು. ಮೊದಲು ಬರೆದದ್ದು, 'ಈ ವಾರ ಯಾವುದು?' ಗ ಅಂದೆ. ತಲೆ ಆಡಿಸಿದರು. ಅಂಗೈಯಲ್ಲಿ ಒರೆಸಿ, ಮತ್ತೆ ಬರೆದು ನನ್ನ ಕಡೆ ತಿರುಗಿಸಿದರು.

'ನೀನಾದರೂ ಹೇಳಬೇಕಿತ್ತು.'

ನನ್ನ ಮೈಯೆಲ್ಲ ಉರಿದುಹೋಯಿತು. ಹಾಳು ಸಿಟ್ಟು ನನ್ನದು, ಎಲ್ಲಿ ಬರಬಾರದೋ ಅಲ್ಲೇ ಬರುತ್ತದೆ. ವಾರ್ಡಿನ ನಡುವೆ ನಿಂತು ಕೂಗಿಬಿಟ್ಟೆ.

"ಆಣೆ ಆಕ್ಸಿದ್ದು ಯಾರು? ನನ್ ಮಗಳ ತಲೆ ಮುಟ್ಸಿದ್ದು ಯಾರು ಟೀಚರಮ್ಮ? ಈಗ ನನ್ ಮ್ಯಾಲೆ ಆಕ್ತೀರಾ?"

ನರ್ಸ್ ಓಡಿ ಬಂದಳು. ಟೀಚರಮ್ಮ ಸ್ಲೇಟು ಒರೆಸಿಕೊಂಡು ಬೇಗ ಬೇಗ ಏನೋ ಬರೆಯತೊಡಗಿದರು. ನಾನು ಡಬ್ಬಿ ಎತ್ತಿಕೊಂಡು ಹೊರಟುಬಿಟ್ಟೆ. ಬಾಗಿಲವರೆಗೂ ಬಳಪದ ಸದ್ದು ಬೆನ್ನ ಹಿಂದೆ ಕೇಳಿಸುತ್ತಿತ್ತು. ತಿರುಗಿ ನೋಡಲಿಲ್ಲ. ಏನು ಬರೆದರೋ, ಇವತ್ತಿಗೂ ಗೊತ್ತಿಲ್ಲ... ಮತ್ತೆ ಹೋಗಬೇಕು, ಕಾಲು ಹಿಡಿಯಬೇಕು ಅಂದುಕೊಳ್ಳುತ್ತಲೇ ಹದಿನೈದು ದಿನ ಕಳೆದೆ. ಯುಗಾದಿಗೆ ಮುಂಚೆ ಹೋಗಿಬಿಟ್ಟರು.

ಹನ್ನೊಂದನೆಯ ದಿನದ ತಿಥಿಗೆ ಹೋಗಿದ್ದೆ. ಬಡಿಸುವುದಕ್ಕೆ ನಿಂತವಳನ್ನು ಯಜಮಾನರು ಪಕ್ಕಕ್ಕೆ ಕರೆದರು. ಗೊತ್ತಾಯಿತೇನೋ ಅಂದುಕೊಂಡೇ ಹೋದೆ. ಅವರು ಕೈ ಮುಗಿದರು.

"ನೀನಿದ್ದಕ್ಕೆ ಅಷ್ಟು ದಿನ ಕೆಲ್ಸ ಮಾಡುದ್ಲು ಕಣವ್ವ. ಬೆಟ್ಟದ್ ಮ್ಯಾಲೆ ಆಣೆ ಮಾಡುಸ್ದೆ, ಬುಟ್ಟಿಲ್ಲ ಅಂತ ನಂಗ್ ಗೊತ್ತೇ ಇತ್ತು. ಒಂದೇ ಮನೇಲಿದ್ಕಂಡು ವಾಸ್ನೆ ಬರಾಕಿಲ್ವಾ? ಕೇಳುದ್ರೆ ದ್ಯಾವ್ರ ಮುಂದೆ ಆಡಿದ್ದು ಸುಳ್ಳು ಅಂತ ಅವ್ಳ ಬಾಯಲ್ಲೇ ಬರ್ಬೇಕಲ್ಲ, ಅದ್ಕೆ ಕೇಳ್ನಿಲ್ಲ. ಬಾಯೊಳ್ಗೆ ಉಣ್ಣಾಗದೆ ಅಂತ ಗೊತ್ತಾಗಿದ್ರೆ ಸೊಪ್ ಬೆಂಕಿಗ್ ಬುಟ್ಟು ಕರ್ಕಂಡ್ ಓಗ್ತಿದ್ದೆ."

ಹೆಂಡತಿ ಗಂಡನಿಗೆ ಹೆದರಿ ಮುಚ್ಚಿಟ್ಟಳು, ಗಂಡ ಹೆಂಡತಿಯ ಮಾನ ಕಾಯಲು ಕೇಳದೆ ಉಳಿದ. ನಡುವೆ ಎಲ್ಲ ಗೊತ್ತಿದ್ದವಳು ನಾನೊಬ್ಬಳು. ಅವತ್ತೂ ಹೇಳಲಿಲ್ಲ. ಅವರು ಮುಗಿದ ಕೈಗೆ ತಿರುಗಿ ಕೈ ಮುಗಿದು, ಪಾಯಸದ ಬಕೆಟ್ ಹಿಡಿದು ಪಂಕ್ತಿಗೆ ಹೋದೆ.

ಆಮೇಲೆ ಅರ್ಧಕ್ಕೆ ಬಿಟ್ಟಿದ್ದ ಪಿಯುಸಿಯ ಪರೀಕ್ಷೆ ಕಟ್ಟಿ ಪಾಸು ಮಾಡಿಕೊಂಡೆ. ಅನುಭವ ಇದೆ, ಚೆನ್ನಾಗಿ ಕಲಿಸುತ್ತಾಳೆ ಅಂತ ಅವರ ಜಾಗ ನನಗೇ ಬಂತು. ಯಜಮಾನರು ಹೋಗಿ ಎರಡು ವರ್ಷವಾಯಿತು. ಪ್ರತಿ ಜೂನ್‌ನಲ್ಲೂ ಮೊದಲ ವಾರ 'ಆ' ಮಾಡಿಸುತ್ತೇನೆ. ಬೆಲ್ಲ ಕೊಡುತ್ತೇನೆ. ತಾಯಂದಿರ ಸಭೆಯಲ್ಲಿ ಅವರಿಗೂ ಮೂರು ಬೆರಳು ಇಡಿಸಿ ನೋಡುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಬೈದುಕೊಳ್ಳುತ್ತಾರೆ. ಹೋದವರು ಇದರಿಂದ ಬರುವುದಿಲ್ಲ ಅಂತ ನನಗೆ ಗೊತ್ತಿದೆ.

ಬಸ್ಸಿನಲ್ಲಿ ಹಾಗಾದ ಮೇಲೆ ಮನಸ್ಸು ನೆಲೆಗೆ ಬರಲಿಲ್ಲ. ಮಗಳು ಹುಣಸೂರಿನ ಹಾಸ್ಟೆಲಿನಲ್ಲಿದ್ದು ಎರಡನೇ ಪಿಯುಸಿ ಓದುತ್ತಾಳೆ, ಭಾನುವಾರ ಬಂದಿದ್ದಳು. ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಎಲ್ಲವನ್ನೂ ಅವಳಿಗೆ ಹೇಳಿದೆ, ಇಷ್ಟು ವರ್ಷದಲ್ಲಿ ಮೊದಲ ಸಲ. ಅವಳ ತಲೆ ಮುಟ್ಟಿ ಆಡಿದ ಆಣೆಯನ್ನು ಅವಳ ಮುಂದೆಯೇ ಮುರಿದೆ. ಅವಳು ಸುಲಿಯುವುದು ನಿಲ್ಲಿಸಿ ಕೇಳಿಸಿಕೊಂಡಳು. ಟೀಚರಮ್ಮನ ಮುಖ ಅವಳಿಗೆ ನೆನಪಿಲ್ಲ. ಕೊನೆಗೆ ಒಂದೇ ಮಾತು ಕೇಳಿದಳು.

"ಯೋಳಿದ್ರೆ ನಂಗೇನಾಯ್ತಿತ್ತವ್ವಾ?"

ಗೊತ್ತಿರಲಿಲ್ಲ ಕಣವ್ವ, ಹೆದರಿಬಿಟ್ಟೆ ಅಂದೆ. ಅವಳು ನಂಬಿದಳು, ಹತ್ತಿರ ಬಂದು ನನ್ನ ಭುಜ ಹಿಡಿದುಕೊಂಡಳು.

ಅದು ಸುಳ್ಳು. ಮೂರನೆಯ ದಿನ ಅವಳ ಜ್ವರ ಇಳಿದಾಗಲೇ ನನಗೆ ಗೊತ್ತಾಗಿತ್ತು, ಎಲ್ಲ ಮಕ್ಕಳ ಹಾಗೆ ಬಂದ ಜ್ವರ, ಎಲ್ಲ ಮಕ್ಕಳ ಹಾಗೆ ಹೋಯಿತು ಅಂತ. ಮಾರನೆಯ ಬೆಳಿಗ್ಗೆ ಎದ್ದು ಬ್ಯಾರನ್ ಕಡೆಗೆ ಹೋಗಬಹುದಿತ್ತು. ಹೋದದ್ದು ಅಂಗನವಾಡಿಗೆ. ಅಲ್ಲಿ ಇಪ್ಪತ್ತೆರಡು ಮಕ್ಕಳು ನನ್ನ ಬಾಯಿಯನ್ನೇ ನೋಡುತ್ತ, ಮಿಸ್ ಮಿಸ್ ಅನ್ನುತ್ತ ಕೂತಿದ್ದವು.